ಇಂಟರ್‌ನ್ಯಾಷನಲ್ ಬೋರ್ಡಿಂಗ್ ಶಾಲೆಯಲ್ಲಿ ಮಕ್ಕಳ ದಿನ ಹೇಗಿರುತ್ತದೆ?

ಇಡೀ ದಿನ ಗಂಟೆ ಬಾರಿಸಿದಂತೆ ಓಡುತ್ತದೆ. ಬೆಳಿಗ್ಗೆ 7ರ ಹೊತ್ತಿಗೆ ಎದ್ದು, ತಿಂಡಿ ಮುಗಿಸಿದರೆ ಮಧ್ಯಾಹ್ನ 3.30ರ ತನಕ ತರಗತಿ. ಆಮೇಲೆ ಆಟ, ಸಂಗೀತ, ನಾಟಕ. ಇದು ಸುಮ್ನೆ ಟೈಮ್‌ಪಾಸ್ ಅಲ್ಲ. ಐಬಿ ಡಿಪ್ಲೊಮಾ (ಪಿಯುಸಿ ಹಂತದ ಎರಡು ವರ್ಷದ ಅಂತರರಾಷ್ಟ್ರೀಯ ಕೋರ್ಸ್) ಓದುವವರಿಗೆ ಕಲೆ, ಆಟೋಟ, ಸೇವೆ ಮೂರೂ ಕಡ್ಡಾಯ. ಜೊತೆಗೆ 6 ವಿಷಯ, 4,000 ಪದಗಳವರೆಗಿನ ಒಂದು ಸಂಶೋಧನಾ ಪ್ರಬಂಧ ಬೇರೆ! ಆ ಎರಡು ವರ್ಷ ನಿದ್ದೆ ಕಮ್ಮಿಯೇ.

ರಾತ್ರಿ ಊಟವಾದ ಮೇಲೆ 'ಪ್ರೆಪ್', ಅಂದರೆ ಬಾಯಿ ಮುಚ್ಚಿ ಕೂತು ಹೋಂವರ್ಕ್ ಮಾಡುವ ಸಮಯ. ಹಾಸ್ಟೆಲಿನಲ್ಲಿ ಮಕ್ಕಳನ್ನು ನೋಡಿಕೊಳ್ಳುವ 'ಹೌಸ್ ಪೇರೆಂಟ್' ಕಾರಿಡಾರಿನಲ್ಲಿ ಓಡಾಡುತ್ತಾ ಇಣುಕುತ್ತಿರುತ್ತಾರೆ. ಅನೇಕ ಕಡೆ ಚಿಕ್ಕ ಮಕ್ಕಳ ಫೋನುಗಳು ಮಲಗುವ ಮುಂಚೆ ಡಬ್ಬಿ ಸೇರುತ್ತವೆ.

ನನ್ನ ಪ್ರಕಾರ ಅಸಲಿ ಕಲಿಕೆ ಇರುವುದು ರೂಮಿನಲ್ಲಿ. ಒಬ್ಬನಿಗೆ ಕಿಟಕಿ ತೆರೆದಿರಬೇಕು, ಇನ್ನೊಬ್ಬನಿಗೆ ಚಳಿ. ಇಬ್ಬರಿಗೂ ಮಾತೃಭಾಷೆ ಬೇರೆ, ಜಗಳ ಮಾತ್ರ ಇಂಗ್ಲಿಷಿನಲ್ಲೇ ಆಗಬೇಕು! ಇಲ್ಲಿ ಸಂಜೆಯಾದಾಗ ಮನೆಯಲ್ಲಿ ನಡುರಾತ್ರಿ ಇರಬಹುದು. ಹಾಗಾಗಿ ಅಮ್ಮನಿಗೆ ಫೋನ್ ಮಾಡಲು ಸಿಗುವುದು ದಿನಕ್ಕೆ ಒಂದು ಸಣ್ಣ ಸಂದು ಅಷ್ಟೇ. ಶನಿವಾರ ವಾಷಿಂಗ್ ಮೆಷಿನ್ ಮುಂದೆ ಸಾಲು, ಜೋಡಿ ತಪ್ಪಿದ ಸಾಕ್ಸ್. ಮೊದಲ ಕೆಲವು ವಾರ ಮನೆ ನೆನಪು ಜಾಸ್ತಿ ಕಾಡುತ್ತದೆ, ಅದರಲ್ಲೂ ಭಾನುವಾರ ಸಂಜೆ.