ಮರುಭೂಮಿಯ ಗುಡ್ಡದಲ್ಲಿ ಮರಳಿಲ್ಲ, ಜೇಡಿಮಣ್ಣಿದೆ! ಯಾಕೆ?

ಪ್ರಶ್ನೆ: ನಾನು ವಿಜಯಪುರ ಕಡೆಯವನು. ಈಗ ಅಮೆರಿಕದ ಅರಿಜೋನಾದಲ್ಲಿ, ಟೂಸಾನ್ ಊರಲ್ಲಿದ್ದೇನೆ. ಬಿಡುವಾದಾಗ ಊರ ಪಶ್ಚಿಮಕ್ಕಿರುವ ಗುಡ್ಡಗಳನ್ನು ಹತ್ತುತ್ತೇನೆ. ಮರುಭೂಮಿ ಎಂದರೆ ಮರಳು ಅಂದುಕೊಂಡಿದ್ದೆ. ಆದರೆ ಮಳೆ ಬಿದ್ದ ಮಾರನೇ ದಿನ ಹೋದರೆ ನಮ್ಮ ಎರೆ ಹೊಲದಲ್ಲಿ ಮೆತ್ತಿಕೊಂಡ ಹಾಗೆ ಬೂಟಿಗೆ ಜಿಗುಟು ಮಣ್ಣು ಮೆತ್ತಿಕೊಳ್ಳುತ್ತದೆ, ಬಣ್ಣ ಮಾತ್ರ ಕೆಂಪು. ಒಂದೂವರೆ ಗೇಣು ಅಗೆದರೆ ಬಂಡೆ. ವರ್ಷಕ್ಕೆ 300 ಮಿ.ಮೀ. ಮಳೆಯೂ ಆಗದ ಜಾಗಕ್ಕೆ ಇಷ್ಟು ಜೇಡಿ ಎಲ್ಲಿಂದ ಬಂತು? ಜೇಡಿ ನೀರು ಹಿಡಿಯುತ್ತದೆ ಅಂತಾರಲ್ಲ, ಹಾಗಿದ್ದರೆ ಗಿಡಗಳು ಯಾಕೆ ಅಲ್ಲೊಂದು ಇಲ್ಲೊಂದು?

ಉತ್ತರ: ಟೂಸಾನ್ ಇರುವ ಸೊನೋರನ್ ಮರುಭೂಮಿಯಲ್ಲಿ ಮರಳಿನ ದಿಬ್ಬಗಳು ಇರುವುದು ಸ್ವಲ್ಪ ಜಾಗದಲ್ಲಿ ಮಾತ್ರ. ಉಳಿದದ್ದೆಲ್ಲ ಗುಡ್ಡ, ಗುಡ್ಡದ ಬುಡದಲ್ಲಿ ಹರಡಿದ ಕಲ್ಲುಮಣ್ಣು, ಒಣ ಹಳ್ಳ. ಗುಡ್ಡದ ಮಣ್ಣು ಹೇಗಿದೆ ಎನ್ನುವುದನ್ನು ಮುಕ್ಕಾಲು ಪಾಲು ನಿರ್ಧರಿಸುವುದು ಅಡಿಯಲ್ಲಿರುವ ಕಲ್ಲು. ನೀವು ಹತ್ತುವ ಪಶ್ಚಿಮದ ಗುಡ್ಡಗಳು ಬಹುಪಾಲು ಜ್ವಾಲಾಮುಖಿಯ ಕಲ್ಲಿನವು. ಅವುಗಳಲ್ಲಿ ಟೂಮಮಾಕ್ ಗುಡ್ಡ ಬಸಾಲ್ಟ್ ಜಾತಿಯ ಲಾವಾ ಹರಿದು ಆದದ್ದು. ಇಂಥ ಕಲ್ಲಿನಲ್ಲಿ ಕಬ್ಬಿಣ, ಮೆಗ್ನೀಸಿಯಮ್ ಹೆಚ್ಚು, ಬೆಣಚು ಕಡಿಮೆ. ಅದು ಸವೆದರೆ ಉಳಿಯುವುದು ಜೇಡಿಯೇ. ನಿಮ್ಮ ವಿಜಯಪುರದ ಎರೆಯೂ ದಖನ್ ಬಸಾಲ್ಟ್‌ನಿಂದಲೇ ಹುಟ್ಟಿದ್ದು, ಹಾಗಾಗಿ ನೀವು ಮಾಡಿದ ಹೋಲಿಕೆ ಸರಿಯಾದದ್ದೇ. ಅದೇ ಟೂಸಾನ್‌ನ ಉತ್ತರಕ್ಕಿರುವ ಸಾಂಟಾ ಕ್ಯಾಟಲಿನಾ ಬೆಟ್ಟಕ್ಕೆ ಹೋಗಿ ನೋಡಿ. ಅಲ್ಲಿರುವುದು ಗ್ರಾನೈಟ್ ಮತ್ತು ನೈಸ್ ಎಂಬ ಪಟ್ಟೆಪಟ್ಟೆಯ ಕಲ್ಲು. ಗ್ರಾನೈಟ್ ಪುಡಿಯಾದರೆ ದಪ್ಪ ಹರಳಿನ ಗರಸು ಸಿಗುತ್ತದೆ, ಬೂಟಿಗೆ ಅಂಟುವುದಿಲ್ಲ.

ಕಲ್ಲೊಂದೇ ಕಾರಣವಲ್ಲ. ಕಲ್ಲು ಕೊಳೆತು ಜೇಡಿಯಾಗಲು ನೀರು ಬೇಕು. ಈಗಿನ ಮಳೆಗೆ ಆ ಕೆಲಸ ತೀರಾ ನಿಧಾನ. ಸುಮಾರು 11,700 ವರ್ಷಗಳ ಹಿಂದೆ ಮುಗಿದ ಹಿಮಯುಗದಲ್ಲಿ ಈ ಸೀಮೆ ಇದಕ್ಕಿಂತ ತಂಪಾಗಿತ್ತು, ತೇವವೂ ಹೆಚ್ಚಿತ್ತು. ಪ್ಯಾಕ್‌ರ‍್ಯಾಟ್ ಎಂಬ ಕಾಡಿಲಿ ಬಂಡೆಯ ಸಂದಿಗಳಲ್ಲಿ ಕೂಡಿಟ್ಟ ಎಲೆ, ಕಾಯಿ, ಕಡ್ಡಿಗಳ ಗುಡ್ಡೆ ಸಾವಿರಾರು ವರ್ಷ ಕೆಡದೆ ಉಳಿದಿವೆ. ಇಂದು ಬರೀ ಕಳ್ಳಿ ಇರುವ ಕಡೆ ಆಗ ಜುನಿಪರ್, ಪೈನ್ ಮರಗಳಿದ್ದವು ಎಂದು ಗೊತ್ತಾಗಿದ್ದು ಅದರಿಂದಲೇ. ಜೇಡಿಯ ಕಣ ಕಟ್ಟಿದ್ದು, ನೀರಿನೊಂದಿಗೆ ಕೆಳಗಿಳಿದು ಒಂದು ಪದರವಾಗಿ ನಿಂತದ್ದು ಬಹುಪಾಲು ಅಂಥ ಕಾಲಗಳಲ್ಲಿ. ಇನ್ನೊಂದು ಮೂಲ ಗಾಳಿ. ಮರುಭೂಮಿಯ ಧೂಳಿನಲ್ಲಿ ನವಿರಾದ ಜೇಡಿಯೂ ಸುಣ್ಣವೂ ಇರುತ್ತವೆ. ಗುಡ್ಡದ ಕಲ್ಲುಗಳ ಸಂದಿಯಲ್ಲಿ ಅದು ಸಿಕ್ಕಿಕೊಳ್ಳುತ್ತದೆ, ಮಳೆ ಬಂದಾಗ ಒಳಗಿಳಿಯುತ್ತದೆ.

ಒಂದು ಕಲ್ಲನ್ನು ಎತ್ತಿ ಅದರ ತಳ ನೋಡಿ, ಬಿಳಿ ಸುಣ್ಣದ ಲೇಪ ಕಾಣಬಹುದು. ಸುಣ್ಣ ತುಂಬಿದ ಮಣ್ಣಿನಲ್ಲಿ ಜೇಡಿಯ ಕಣಗಳು ಒಂದಕ್ಕೊಂದು ಅಂಟಿ ಕೂರುತ್ತವೆ, ಕೆಳಗೆ ಹರಿಯುವುದಿಲ್ಲ. ಮೊದಲು ಸುಣ್ಣ ತೊಳೆದುಹೋದರೆ ಮಾತ್ರ ಜೇಡಿ ಇಳಿಯಲು ದಾರಿ. ಅಂದರೆ ಜೇಡಿ ಪದರದ ಮೇಲೆಯೇ ಸುಣ್ಣ ಹತ್ತಿಕೊಂಡಿದ್ದರೆ, ಜೇಡಿ ಇಳಿದದ್ದು ಹಿಂದಿನ ತೇವದ ಕಾಲದಲ್ಲಿ, ಸುಣ್ಣ ಕೂತದ್ದು ಆಮೇಲಿನ ಒಣ ಕಾಲದಲ್ಲಿ ಎಂದು ಓದಬಹುದು. ನನ್ನ ಮಟ್ಟಿಗೆ ಮಣ್ಣುಶಾಸ್ತ್ರದಲ್ಲಿ ಇಷ್ಟು ಸೊಗಸಾದ ಪತ್ತೇದಾರಿಕೆ ಬೇರೆ ಇಲ್ಲ.

ಇನ್ನು ಗಿಡಗಳ ಮಾತು. ಜೇಡಿ ನೀರು ಹಿಡಿಯುತ್ತದೆ ಎಂಬುದು ನಿಜ. ಆದರೆ ಎಷ್ಟು ಆಳದಲ್ಲಿ ಹಿಡಿಯುತ್ತದೆ? ಅಂದಾಜಿಗೆ ಒಂದು ಲೆಕ್ಕ ಹಾಕೋಣ. 20 ಮಿ.ಮೀ. ಮಳೆಯೆಲ್ಲ ಒಳಗಿಳಿಯಿತು ಅಂದುಕೊಳ್ಳಿ. ಒಣಗಿದ ಜೇಡಿ ತನ್ನ ಗಾತ್ರದ ಕಾಲು ಭಾಗದಷ್ಟು ನೀರು ಕುಡಿಯುತ್ತದೆ ಎಂದರೆ, ಆ ಮಳೆ ನೆನೆಸುವುದು ಮೇಲಿನ 8 ಸೆಂ.ಮೀ. ಮಾತ್ರ. ಟೂಸಾನ್ ಬಿಸಿಲಿಗೆ ಅಷ್ಟು ಮೇಲಿನ ತೇವ ಕೆಲವೇ ದಿನಗಳಲ್ಲಿ ಆರಿಹೋಗುತ್ತದೆ. ಹತ್ತನೇ ಒಂದು ಭಾಗವಷ್ಟೇ ಹಿಡಿಯುವ ಮರಳಾದರೆ ಅದೇ ಮಳೆ 20 ಸೆಂ.ಮೀ. ತನಕ ಇಳಿಯುತ್ತದೆ, ಬಿಸಿಲಿನ ಕೈಗೆ ಅಷ್ಟು ಬೇಗ ಸಿಗುವುದಿಲ್ಲ. ಮಳೆ ಚೆನ್ನಾಗಿರುವ ನಾಡಿನಲ್ಲಿ ಜೇಡಿ ವರ, ಮರಳು ಶಾಪ. ಮಳೆ ಕಡಿಮೆಯಾದಂತೆ ಇದು ತಿರುಗುಮುರುಗಾಗುತ್ತದೆ. ಇಸ್ರೇಲಿನ ಪರಿಸರ ವಿಜ್ಞಾನಿ ಇಮ್ಯಾನುಯೆಲ್ ನೋಯ್-ಮೈರ್ 1973ರಲ್ಲಿ ಮರುಭೂಮಿಗಳ ಬಗ್ಗೆ ಬರೆದಾಗ ಈ ತಿರುವು ವರ್ಷಕ್ಕೆ 300ರಿಂದ 500 ಮಿ.ಮೀ. ಮಳೆಯ ನಡುವೆ ಎಲ್ಲೋ ಇದೆ ಎಂದಿದ್ದರು. ಟೂಸಾನ್ ಅದಕ್ಕಿಂತ ಕೆಳಗಿದೆ.

ಅದರ ಮೇಲೆ, ಜೇಡಿಯೊಳಗೆ ನೀರು ಇಳಿಯುವುದು ಗಂಟೆಗೆ ಕೆಲವೇ ಮಿ.ಮೀ. ಅಲ್ಲಿನ ಬೇಸಿಗೆ ಮುಂಗಾರಿನ ಗುಡುಗು ಮಳೆ ಒಂದೇ ತಾಸಿನಲ್ಲಿ 25 ಮಿ.ಮೀ. ಸುರಿದು ಹೋಗಬಲ್ಲದು. ಇಳಿಜಾರು, ತೆಳು ಮಣ್ಣು, ಕೆಳಗೆ ಬಂಡೆ. ಬಹುಪಾಲು ನೀರು ಹಳ್ಳಕ್ಕೆ. ಇಳಿದ ನೀರನ್ನೂ ಜೇಡಿ ಎಷ್ಟು ಬಿಗಿಯಾಗಿ ಹಿಡಿದಿರುತ್ತದೆ ಎಂದರೆ, ಅದರಲ್ಲಿ ದೊಡ್ಡ ಪಾಲನ್ನು ಬೇರು ಎಳೆದುಕೊಳ್ಳಲಾರದು.

ಇಷ್ಟಾದರೂ ಆ ಗುಡ್ಡ ಬೋಳಾಗಿಲ್ಲ. ಸವಾರೋ ಕಳ್ಳಿಯ ಬೇರುಗಳು ಬಹುಪಾಲು ಮೇಲಿನ ಒಂದು ಗೇಣಿನೊಳಗೇ ಸುತ್ತ ಹರಡಿರುತ್ತವೆ. ನೀರು ಮೇಲೆಯೇ ನಿಲ್ಲುವ ಮಣ್ಣು ಅದಕ್ಕೆ ತೊಂದರೆಯಲ್ಲ. ಸಿಕ್ಕ ಕೆಲವು ದಿನಗಳಲ್ಲೇ ಹೀರಿ ಕಾಂಡದಲ್ಲಿ ತುಂಬಿಕೊಳ್ಳುತ್ತದೆ. ಪಾಲೋವರ್ಡೆ ಮರದ ಬೇರು ಬಂಡೆಯ ಬಿರುಕು ಹಿಡಿದು ಇಳಿಯುತ್ತದೆ. ಬಯಲಿನಲ್ಲಿ ಎಲ್ಲೆಲ್ಲೂ ಕಾಣುವ ಕ್ರಿಯೋಸೋಟ್ ಪೊದೆ ಮಾತ್ರ ಬಲಿತ ಜೇಡಿ ಪದರವಿರುವ ಕಡೆ ವಿರಳ. ಇದನ್ನೆಲ್ಲ ಕಣ್ಣಾರೆ ನೋಡಲು ಟೂಮಮಾಕ್‌ಗಿಂತ ಒಳ್ಳೆಯ ಜಾಗವಿಲ್ಲ: 1903ರಲ್ಲಿ ಕಾರ್ನೆಗಿ ಸಂಸ್ಥೆ ಅಲ್ಲಿ ಮರುಭೂಮಿ ಪ್ರಯೋಗಾಲಯ ಕಟ್ಟಿತು, 1906ರಲ್ಲಿ ಗುರುತು ಹಾಕಿದ ಸಸ್ಯ ತಾಕುಗಳನ್ನು ಇಂದಿಗೂ ಅಳೆಯುತ್ತಿದ್ದಾರೆ.

ಪ್ರಶ್ನೆ: ಗುಡ್ಡದ ಬುಡದಲ್ಲೇ ನಮ್ಮ ಮನೆ. ಹಿತ್ತಲಿನ ಮಣ್ಣೂ ಹೀಗೇ ಇದೆ. ಕಲ್ಲೆಲ್ಲ ಆರಿಸಿ ತೆಗೆದು, ಮರಳು ಬೆರೆಸಿ, ಕರಿಬೇವು ಹಾಕಬೇಕೆಂದಿದ್ದೇನೆ. ಸರಿಯೇ?

ಉತ್ತರ: ಕಲ್ಲು ತೆಗೆಯಬೇಡಿ. ಮೇಲೆ ಹಾಸಿಕೊಂಡ ಕಲ್ಲು ಮಳೆಹನಿಯ ಪೆಟ್ಟು ತಡೆಯುತ್ತದೆ, ಮಣ್ಣು ಕೊಚ್ಚಿಹೋಗದಂತೆ ಕಾಯುತ್ತದೆ, ತೇವ ಆರುವುದನ್ನು ನಿಧಾನ ಮಾಡುತ್ತದೆ. ಒಳಗಿನ ಕಲ್ಲಿನದೂ ಕೆಲಸವಿದೆ. ಮೇಲಿನ ಲೆಕ್ಕದಲ್ಲೇ ಅರ್ಧ ಗಾತ್ರ ಕಲ್ಲು ಎಂದಿಟ್ಟುಕೊಳ್ಳಿ, 8 ಸೆಂ.ಮೀ. ಇಳಿಯುತ್ತಿದ್ದ ನೀರು 16 ಸೆಂ.ಮೀ. ಇಳಿಯುತ್ತದೆ. ಇಳಿಜಾರಿನಲ್ಲಿ ಆ ಜೇಡಿ ಇಷ್ಟು ಕಾಲ ಉಳಿದಿರುವುದೂ ಕಲ್ಲಿನ ಹೊದಿಕೆಯಿಂದಲೇ.

ಜೇಡಿಗೆ ಒಂದೆರಡು ಬುಟ್ಟಿ ಮರಳು ಬೆರೆಸಿದರೆ ಗಾರೆಯಂತೆ ಗಟ್ಟಿಯಾದೀತು, ಸಡಿಲವಾಗದು. ಮೊದಲು ಗುಂಡಿ ತೋಡಿ ನೀರು ತುಂಬಿಸಿ ನೋಡಿ. ನಾಲ್ಕು ತಾಸಿನಲ್ಲಿ 10 ಸೆಂ.ಮೀ. ಇಳಿಯದಿದ್ದರೆ ಅಡಿಯಲ್ಲಿ ಬಂಡೆಯೋ ಸುಣ್ಣದ ಗಟ್ಟಿ ಪದರವೋ ಇರಬಹುದು, ಇಲ್ಲವೇ ಜೇಡಿಯೇ ನೀರು ಬಿಡುತ್ತಿಲ್ಲ; ಅಲ್ಲಿ ಕರಿಬೇವು ಕೊಳೆಯುತ್ತದೆ. ಸುಣ್ಣದ ಮಣ್ಣಿನಲ್ಲಿ ಕಬ್ಬಿಣ ಇದ್ದರೂ ಬೇರಿಗೆ ಸಿಗುವುದಿಲ್ಲ; ನರ ಹಸಿರಾಗಿ ಉಳಿದು ಎಳೆ ಎಲೆ ಹಳದಿಯಾದರೆ ಅದೇ ಕಾರಣ. ಟೂಸಾನ್ ಚಳಿಗಾಲದ ಕೆಲವು ರಾತ್ರಿ ನೀರು ಹೆಪ್ಪುಗಟ್ಟುವಷ್ಟು ಚಳಿಯೂ ಇರುತ್ತದೆ. ನನ್ನನ್ನು ಕೇಳಿದರೆ ದೊಡ್ಡ ಕುಂಡದಲ್ಲಿ ಹಾಕಿ, ಚಳಿಗೆ ಒಳಗಿಟ್ಟುಕೊಳ್ಳಿ. ಹಿತ್ತಲ ಮಣ್ಣಿಗೆ ಪಾಲೋವರ್ಡೆ, ಜೊಜೊಬಾ ಇವೆಯಲ್ಲ.

ಪ್ರಶ್ನೆ: ಮಣ್ಣು ನಿಜಕ್ಕೂ ಜೇಡಿಯೋ ಅಲ್ಲವೋ ಎಂದು ಲ್ಯಾಬಿಗೆ ಕಳಿಸದೆ ತಿಳಿಯಬಹುದೇ?

ಉತ್ತರ: ಧಾರಾಳವಾಗಿ. ಕಲ್ಲು ತೆಗೆದ ಒಂದು ಹಿಡಿ ಮಣ್ಣನ್ನು ಚಪಾತಿ ಹಿಟ್ಟಿನ ಹದಕ್ಕೆ ನಾದಿ. ಹೆಬ್ಬೆರಳು, ತೋರುಬೆರಳ ನಡುವೆ ಒತ್ತುತ್ತಾ ಪಟ್ಟಿ ಮಾಡಿ. 5 ಸೆಂ.ಮೀ. ಮೀರಿದರೂ ಮುರಿಯದಿದ್ದರೆ ಜೇಡಿ. ಎರಡೂವರೆ ಸೆಂ.ಮೀ. ಒಳಗೇ ಮುರಿದರೆ ಅಲ್ಲ. ಆದರೆ ಆ ಪಶ್ಚಿಮದ ಗುಡ್ಡಗಳಲ್ಲಿರುವ ಸವಾರೋ ರಾಷ್ಟ್ರೀಯ ಉದ್ಯಾನದ ಗಡಿಯೊಳಗಿನ ಮಣ್ಣು ಮುಟ್ಟಬೇಡಿ, ಅಲ್ಲಿಂದ ಏನನ್ನು ತೆಗೆಯುವುದೂ ಕಾನೂನಿಗೆ ವಿರುದ್ಧ. ನಿಮ್ಮ ಹಿತ್ತಲಿನದೇ ಸಾಕು.