ಎಣ್ಣೆ ಚೆಲ್ಲಿದ ದಿನ ಯಾರು ಏನು ಮಾಡಬೇಕು?

ಪ್ರಶ್ನೆ: ನಮಸ್ಕಾರ ಸರ್. ನಮ್ಮೂರು ಕೊಪ್ಪ. ಕರಾವಳಿಯ ಒಂದು ಬಂದರಿನ ಪರಿಸರ ವಿಭಾಗಕ್ಕೆ ಹೊಸದಾಗಿ ಸೇರಿದ್ದೇನೆ. ಸಮುದ್ರಕ್ಕೆ ಎಣ್ಣೆ ಸೋರಿದರೆ ಏನು ಮಾಡಬೇಕು ಎಂಬ ಪ್ಲಾನ್ ಪರಿಷ್ಕರಿಸುವ ಕೆಲಸ ನನಗೆ ಕೊಟ್ಟಿದ್ದಾರೆ. ಹಳೆಯದರಲ್ಲಿ ತಾರೀಖು, ಹೆಸರು ಬದಲಿಸಿದರೆ ಸಾಕು ಅನ್ನುತ್ತಾರೆ. ಕಾನೂನು ನಿಜವಾಗಿ ಏನು ಕೇಳುತ್ತದೆ? ಎಲ್ಲಿಂದ ಶುರು ಮಾಡಲಿ?

ಉತ್ತರ: ಬರೀ ಹೆಸರು ಬದಲಿಸಿ ಕಳಿಸಬೇಡಿ ತಂಗಿ. ಹಾಗೆ ಮಾಡಿದವರ ಕತೆ ಮೊದಲು ಹೇಳುತ್ತೇನೆ. 2010ರ ಏಪ್ರಿಲ್ 20ರಂದು ಮೆಕ್ಸಿಕೋ ಕೊಲ್ಲಿಯಲ್ಲಿ ಡೀಪ್‌ವಾಟರ್ ಹೊರೈಜನ್ ಎಂಬ, ಸಮುದ್ರದಲ್ಲಿ ಎಣ್ಣೆ ಬಾವಿ ಕೊರೆಯುವ ವೇದಿಕೆ ಸ್ಫೋಟವಾಯಿತು. 11 ಜನ ಸತ್ತರು. ಬಾವಿಯಿಂದ 87 ದಿನ ಎಣ್ಣೆ ಹರಿಯಿತು. ಬಾವಿಯ ಒಡೆಯ ಬಿಪಿ ಕಂಪನಿಯ ಹತ್ತಿರ ಪ್ಲಾನ್ ಇರಲಿಲ್ಲವೇ? ಇತ್ತು, ಸರ್ಕಾರ ಒಪ್ಪಿದ ಪ್ಲಾನೇ ಇತ್ತು. ತೆಗೆದು ನೋಡಿದರೆ, ಆ ಬೆಚ್ಚಗಿನ ಸಮುದ್ರದಲ್ಲಿ ಕಾಪಾಡಬೇಕಾದ ಪ್ರಾಣಿಗಳ ಪಟ್ಟಿಯಲ್ಲಿ ವಾಲ್ರಸ್ ಇದೆ! ಅದು ಹಿಮದ ಸಮುದ್ರದ ಪ್ರಾಣಿ. 2009ರ ಆ ಪ್ಲಾನ್‌ನಲ್ಲಿ ಸಲಹೆಗೆ ಕರೆಯಬೇಕಾದ ತಜ್ಞರೊಬ್ಬರು 2005ರಲ್ಲೇ ತೀರಿಕೊಂಡಿದ್ದರು. ಬೇರೆ ಕಡೆಯ ಪ್ಲಾನ್ ನಕಲು ಮಾಡಿ, ಯಾರೂ ಓದದೆ ಸಹಿ ಹಾಕಿದರೆ ಆಗುವುದು ಇಷ್ಟೇ.

ಈಗ ಕಾನೂನಿಗೆ ಬರೋಣ. ಹಡಗಿನದು ಬೇರೆ, ಬಂದರಿನದು ಬೇರೆ. ಹಡಗುಗಳಿಂದಾಗುವ ಮಾಲಿನ್ಯ ತಡೆಯುವ ಅಂತರರಾಷ್ಟ್ರೀಯ ಮಾರ್ಪೋಲ್ ಒಪ್ಪಂದದ ಪ್ರಕಾರ (ಟನ್ನೇಜ್ ಅಂದರೆ ಹಡಗಿನ ಗಾತ್ರದ ಅಳತೆ) 150 ಟನ್ನೇಜ್‌ಗಿಂತ ದೊಡ್ಡ ತೈಲ ಹಡಗು, 400ಕ್ಕಿಂತ ದೊಡ್ಡ ಬೇರೆ ಯಾವುದೇ ಹಡಗಿನಲ್ಲಿ ತುರ್ತು ಪ್ಲಾನ್ ಇರಲೇಬೇಕು. ಹಡಗಿನವರು ಅದನ್ನು ಸೋಪೆಪ್ ಅನ್ನುತ್ತಾರೆ. ಯಾರಿಗೆ ಸುದ್ದಿ ಕೊಡಬೇಕು, ಮೊದಲು ಯಾವ ವಾಲ್ವ್ ಮುಚ್ಚಬೇಕು, ದಡದವರ ಜೊತೆ ಹೇಗೆ ಕೆಲಸ ಮಾಡಬೇಕು, ಎಲ್ಲ ಅದರಲ್ಲಿರುತ್ತದೆ.

ನಮ್ಮ ದೇಶಕ್ಕೆ 1996ರಿಂದ ರಾಷ್ಟ್ರೀಯ ಯೋಜನೆ ಇದೆ. ಅದರ ಹೊಣೆ ಕೋಸ್ಟ್ ಗಾರ್ಡ್‌ದು. 700 ಟನ್‌ವರೆಗಿನ ಸೋರಿಕೆ ಮೊದಲ ಹಂತ. ಅಲ್ಲಿಂದ 10,000 ಟನ್‌ವರೆಗೆ ಎರಡನೆಯದು, ಅದಕ್ಕೂ ಮೀರಿದರೆ ಮೂರನೆಯದು. ಬಂದರಿನ ಮಿತಿಯೊಳಗೆ ಮೊದಲು ಓಡಬೇಕಾದವರು ಬಂದರಿನವರೇ. ಹೊರಗಿನ ಸಮುದ್ರ ಕೋಸ್ಟ್ ಗಾರ್ಡ್‌ದು. ದಡಕ್ಕೆ ಬಂದ ಎಣ್ಣೆ ತೆಗೆಯುವುದು ರಾಜ್ಯದ ಕೆಲಸ. ಎಡವಟ್ಟಾಗುವುದು ಈ ಮೂರರ ಗಡಿಯಲ್ಲೇ. ಗಡಿಯಲ್ಲಿ ಯಾರು ಯಾರಿಗೆ ಫೋನ್ ಮಾಡಬೇಕು ಎಂಬುದು ನಿಮ್ಮ ಮೊದಲ ಪುಟದಲ್ಲೇ ಇರಲಿ.

ನಾನು ಕೆಲಸ ಮಾಡಿದ ಬಂದರೊಂದರಲ್ಲಿ ಅಣಕು ಕಾರ್ಯಾಚರಣೆ ಯಾವಾಗಲೂ ಜನವರಿಯಲ್ಲೇ. ಸಮುದ್ರ ಕನ್ನಡಿಯ ಹಾಗಿರುತ್ತಿತ್ತು. ಎಣ್ಣೆ ಹರಡದಂತೆ ತಡೆಯುವ ತೇಲುಬೇಲಿಗೆ ಬೂಮ್ ಅನ್ನುತ್ತೇವೆ. ಅದನ್ನು ನೆಟ್ಟಗೆ ಎಳೆದು ಫೋಟೋ ತೆಗೆಸಿಕೊಂಡರೆ ಮುಗಿಯಿತು. ನನಗೆ ಆಗಲೂ ಸಿಟ್ಟು ಬರುತ್ತಿತ್ತು, ಈಗಲೂ ಬರುತ್ತದೆ. ನೀರಿನ ಸೆಳೆತ ಗಂಟೆಗೆ ಸುಮಾರು 1.85 ಕಿಲೋಮೀಟರ್, ಅಂದರೆ ಒಂದು ನಾಟ್‌ ಹತ್ತಿರ ಬಂದರೂ ಅಡ್ಡ ಹಾಕಿದ ಬೂಮ್‌ನ ಅಡಿಯಿಂದ ಎಣ್ಣೆ ನುಸುಳುತ್ತದೆ. ಮಳೆಗಾಲದ ಅಲೆಗೆ ಅದು ಮೇಲಿಂದಲೇ ಹಾರುತ್ತದೆ. ಕಾರವಾರದ ಹತ್ತಿರ ಓಶನ್ ಸೆರಾಯಾ ಹಡಗು ಬಂಡೆಗೆ ತಾಗಿದ್ದು 2006ರ ಮೇ 30ರಂದು, ಮುಂಗಾರು ಶುರುವಾಗುವ ಹೊತ್ತಿಗೆ. ಅದು ತೈಲ ಹಡಗೇ ಅಲ್ಲ, ಸರಕಿನ ಹಡಗು. ಚೆಲ್ಲಿದ್ದು ಅದರ ಸ್ವಂತ ಇಂಧನ. ಹಾಗಾಗಿ 'ನಮ್ಮಲ್ಲಿಗೆ ತೈಲ ಹಡಗು ಬರುವುದಿಲ್ಲ' ಎಂದು ಯಾರಾದರೂ ಹೇಳಿದರೆ ಕಾರವಾರವನ್ನು ನೆನಪಿಸಿ.

ಅಮೆರಿಕದ 1990ರ ಕಾನೂನಿನಲ್ಲಿ ನನಗೆ ತುಂಬಾ ಹಿಡಿಸಿದ ಮಾತೊಂದಿದೆ. ಕೆಟ್ಟ ಹವಾಮಾನದಲ್ಲಿ ಹಡಗಿನ ಸರಕೆಲ್ಲ ಚೆಲ್ಲಿತು ಎಂದು ಲೆಕ್ಕ ಹಾಕಿ ಪ್ಲಾನ್ ಮಾಡಿ ಅನ್ನುತ್ತದೆ ಅದು. ಆ ಕಾನೂನು ಹುಟ್ಟಿದ್ದು 1989ರ ಮಾರ್ಚ್ 24ರಂದು ಅಲಾಸ್ಕಾದಲ್ಲಿ ಆದ ಎಕ್ಸಾನ್ ವಾಲ್ಡೆಜ್ ಎಂಬ ತೈಲ ಹಡಗಿನ ಅಪಘಾತದ ನಂತರ. ಅಲ್ಲೂ ಪ್ಲಾನ್ ಇತ್ತು. ಎಣ್ಣೆ ತಡೆಯುವ ಸಾಮಾನು ಹೊತ್ತ ಬಾರ್ಜ್ (ಚಪ್ಪಟೆ ತಳದ ದೋಣಿ) ಐದು ಗಂಟೆಯೊಳಗೆ ಬರುತ್ತದೆ ಎಂದು ಬರೆದಿದ್ದರು. ಆ ಬಾರ್ಜ್ ರಿಪೇರಿಗೆ ಕಾದು ಖಾಲಿ ನಿಂತಿತ್ತು. ಬರುವ ಹೊತ್ತಿಗೆ ಹತ್ತು ಗಂಟೆ ಮೀರಿ ಹೋಗಿತ್ತು. ಅಡಿಕೆ ಕೊಳೆತು ಉದುರಿದ ಮೇಲೆ ಬೋರ್ಡೋ ಹೊಡೆದರೆ ಏನು ಬಂತು, ನೀವೇ ಹೇಳಿ.

ನೀವು ಮಾಡಬೇಕಾದ್ದು ಇದು. ಕುರ್ಚಿ ಬಿಟ್ಟು ಹೊರಡಿ. ಪ್ಲಾನ್‌ನಲ್ಲಿರುವ ಪ್ರತಿ ಫೋನ್ ನಂಬರಿಗೂ ನೀವೇ ಕರೆ ಮಾಡಿ, ರಾತ್ರಿಯೂ ಒಮ್ಮೆ ಮಾಡಿ. ಸ್ಟೋರ್‌ನ ಬೀಗ ತೆಗೆಸಿ. ಬೂಮ್ ಎಷ್ಟು ಮೀಟರ್ ಇದೆ, ಇಲಿ ಕಡಿದಿದೆಯೇ, ಎಳೆಯುವ ದೋಣಿ ಯಾರದು, ಅದರ ಚಾಲಕ ಭಾನುವಾರ ಸಿಗುತ್ತಾನೆಯೇ, ಎಲ್ಲ ನೋಡಿ. ಆಮೇಲೆ ದಡ ನೋಡಿ. ಎಲ್ಲ ದಡವನ್ನೂ ಕಾಪಾಡಲು ಆಗುವುದಿಲ್ಲ, ಆಯ್ಕೆ ಮಾಡಲೇಬೇಕು. ಅಲೆ ಬಡಿಯುವ ಬಂಡೆಯನ್ನು ಸಮುದ್ರವೇ ತೊಳೆಯುತ್ತದೆ. ಮರಳ ದಡ ಗುದ್ದಲಿ, ಬುಟ್ಟಿಗೆ ಬಗ್ಗುತ್ತದೆ. ಆದರೆ ಉಪ್ಪುನೀರಿನಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಬೇರಿಗೆ ಎಣ್ಣೆ ಸೇರಿದರೆ ತೆಗೆಯುವ ದಾರಿಯೇ ಇಲ್ಲ. ನಮ್ಮ ಶರಾವತಿ ಹೊನ್ನಾವರದಲ್ಲಿ, ಅಘನಾಶಿನಿ ಕುಮಟಾದ ಹತ್ತಿರ ಸಮುದ್ರ ಸೇರುವ ಕಡೆ ಇರುವುದು ಇದೇ ಕಾಂಡ್ಲಾ, ಚಿಪ್ಪು ಹೆಕ್ಕಿ ಬದುಕುವ ಮನೆಗಳು. ನಿಮ್ಮ ಬಂದರಿನ ಸುತ್ತ ಅಂಥ ಅಳಿವೆ ಎಲ್ಲಿದೆ, ಅದರ ಬಾಯಿಗೆ ಬೂಮ್ ಎಲ್ಲಿ ಕಟ್ಟಬೇಕು ಎಂದು ನಕ್ಷೆಯಲ್ಲಿ ಈಗಲೇ ಗುರುತು ಹಾಕಿ. ಮೀನುಗಾರರನ್ನು ಜೊತೆಗೆ ಕರೆದುಕೊಂಡು ಹೋಗಿ. ಸೆಳೆತ ಅವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿರುವುದಿಲ್ಲ.

ಎಲ್ಲರೂ ಮರೆಯುವುದು ಕಸವನ್ನು. ಎಣ್ಣೆ ನೀರು ಕುಡಿದು ಗಟ್ಟಿ ಪಾಯಸದ ಹಾಗೆ ಆಗುತ್ತದೆ, ಮೂರು ನಾಲ್ಕು ಪಟ್ಟು ಉಬ್ಬುತ್ತದೆ. ಅದನ್ನು ಎಲ್ಲಿ ಸುರಿಯುತ್ತೀರಿ? ಜಾಗದ ಸರ್ವೆ ನಂಬರ್ ಸಹಿತ ಬರೆದು, ಜಿಲ್ಲಾಡಳಿತದ ಒಪ್ಪಿಗೆ ಮೊದಲೇ ಪಡೆಯಿರಿ. ಎಣ್ಣೆ ಒಡೆಯುವ ರಾಸಾಯನಿಕವನ್ನು ಕೋಸ್ಟ್ ಗಾರ್ಡ್ ಒಪ್ಪಿಗೆಯಿಲ್ಲದೆ ಸಿಂಪಡಿಸಬೇಡಿ. ಅದು ಎಣ್ಣೆಯನ್ನು ತೆಗೆಯುವುದಿಲ್ಲ, ಹನಿಹನಿ ಮಾಡಿ ನೀರಿನೊಳಗೆ ಬೆರೆಸುತ್ತದೆ.

ಅಣಕು ಕಾರ್ಯಾಚರಣೆಯನ್ನು ಒಮ್ಮೆಯಾದರೂ ಮೇ ಕೊನೆಯಲ್ಲಿ, ಯಾರಿಗೂ ಮುಂಚೆ ತಿಳಿಸದೆ ಮಾಡಿಸಿ. ಸೋತದ್ದನ್ನೆಲ್ಲ ಪ್ಲಾನ್‌ಗೆ ಸೇರಿಸಿ. ಮೇಲಿನವರು ಬೇಡ ಅಂದರೆ ಬರಹದಲ್ಲಿ ಕೇಳಿ.

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದು ಮೀನಿನ ಅಂಗಡಿ. 2025ರಲ್ಲಿ ಕೊಚ್ಚಿ ಹತ್ತಿರ ಹಡಗು ಮುಳುಗಿದಾಗ ಗಿರಾಕಿಗಳು ಮೀನು ಬೇಡ ಅಂದರು. ಆ ಹೆದರಿಕೆ ಸರಿಯೇ? ಇಂಥ ನಷ್ಟ ಯಾರು ಕೊಡಬೇಕು?

ಉತ್ತರ: ನೀವು ಹೇಳುವುದು ಮೇ 25ರಂದು ಮುಳುಗಿದ ಎಂಎಸ್‌ಸಿ ಎಲ್ಸಾ 3 ಹಡಗು. ಅದರಲ್ಲಿ ಸುಮಾರು 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇತ್ತು. ಈಜುವ ಮೀನು ಸಾಮಾನ್ಯವಾಗಿ ಎಣ್ಣೆಯಿಂದ ದೂರ ಓಡುತ್ತದೆ. ಜಾಸ್ತಿ ಹುಷಾರಾಗಿರಬೇಕಾದ್ದು ಒಂದೇ ಕಡೆ ಕೂತಿರುವ ಮರುವಾಯಿ, ನೀಲಿಕಲ್ಲು ಎಂಬ ಚಿಪ್ಪುಮೀನುಗಳ ವಿಷಯದಲ್ಲಿ. ಗಿರಾಕಿ ಕೇಳಿದರೆ ಮೀನು ಯಾವ ಬಂದರಿನದು ಎಂದು ಹೇಳಿ. ಸೀಮೆಎಣ್ಣೆ ವಾಸನೆ ಬಂದರೆ ಮಾರಬೇಡಿ. ನಷ್ಟದ ಬಗ್ಗೆ: ಹಡಗಿನ ಇಂಧನ ಚೆಲ್ಲಿ ಆದ ಹಾನಿಗೆ ಮಾಲೀಕರೇ ಹೊಣೆ. 1,000 ಟನ್ನೇಜ್‌ಗಿಂತ ದೊಡ್ಡ ಹಡಗಿಗೆ ಆ ವಿಮೆ ಕಡ್ಡಾಯ. ಆದರೆ ಪುರಾವೆ ಇಲ್ಲದೆ ಕೇಳಲು ಆಗುವುದಿಲ್ಲ. ದಿನದ ವ್ಯಾಪಾರದ ಚೀಟಿ, ಹಿಂದಿನ ವರ್ಷದ ಲೆಕ್ಕ ಎರಡನ್ನೂ ಎತ್ತಿಡಿ. ದೂರದ ಅಂಗಡಿಗಿಂತ ದೋಣಿಯವರಿಗೆ ದಾರಿ ಸುಲಭ, ಅದು ನಿಜ.

ಪ್ರಶ್ನೆ: ಹುಲಿಕಲ್ ಘಾಟಿಯಲ್ಲಿ ಪೆಟ್ರೋಲ್ ಟ್ಯಾಂಕರ್ ಉರುಳಿದರೆ ಎಣ್ಣೆ ವಾರಾಹಿ ನದಿಗೆ ಹೋಗುವುದಿಲ್ಲವೇ? ನಾವು ಊರಿನವರು ಏನು ಮಾಡಬಹುದು? (ಹೊಸನಗರ)

ಉತ್ತರ: ಹೋಗಬಹುದು. ಅಲ್ಲಿಂದ ಹಾಲಾಡಿ, ಬಸ್ರೂರು ದಾಟಿ ಗಂಗೊಳ್ಳಿಯ ಸಮುದ್ರ. ಹತ್ತಿರ ಹೋಗಬೇಡಿ, ಕೊಡ ಹಿಡಿದು ತುಂಬಿಸಿಕೊಳ್ಳಲಂತೂ ಹೋಗಲೇಬೇಡಿ. ಬೀಡಿ, ಮೊಬೈಲ್, ಬೈಕ್ ಎಲ್ಲ ದೂರ ಇರಲಿ. ಗಾಳಿ ನಿಮ್ಮ ಕಡೆಯಿಂದ ಟ್ಯಾಂಕರ್ ಕಡೆಗೆ ಬೀಸುವಂತೆ ದೂರ ನಿಂತು 112ಕ್ಕೆ ಫೋನ್ ಮಾಡಿ. ಟ್ಯಾಂಕರ್ ಮೇಲೆ ಒಂದು ಫಲಕ ಇರುತ್ತದೆ. ಅದರಲ್ಲಿ 1203 ಇದ್ದರೆ ಪೆಟ್ರೋಲ್, 1202 ಇದ್ದರೆ ಡೀಸೆಲ್. ದೂರದಿಂದ ಕಂಡರೆ ಆ ನಂಬರನ್ನೂ ಹೇಳಿ, ಅಗ್ನಿಶಾಮಕದವರು ಸರಿಯಾದ ನೊರೆ ತೆಗೆದುಕೊಂಡು ಬರುತ್ತಾರೆ. ಕೆಳಗಿನ ಊರಿನವರಿಗೆ ನೀರು ಎತ್ತಬೇಡಿ ಎಂದು ತಕ್ಷಣ ತಿಳಿಸಿ.