ಗವರ್ನರ್ ಇಲ್ಲದ ಹೊತ್ತಿನಲ್ಲಿ

ಪ್ರಶ್ನೆ: ಅಮೆರಿಕದ ಮೇರಿಲ್ಯಾಂಡ್ ರಾಜ್ಯದ ಅರುಣಾ ಮಿಲ್ಲರ್ ಅವರನ್ನು ‘ಉಪರಾಜ್ಯಪಾಲೆ’ ಎಂದು ಬರೆದಿದ್ದೀರಿ. ದೆಹಲಿಯಲ್ಲಿರುವಂತೆ ಅವರನ್ನೂ ಕೇಂದ್ರವೇ ನೇಮಿಸುತ್ತದೆಯೇ? ಅಥವಾ ಅದು ಬರೀ ಅಲಂಕಾರದ ಹುದ್ದೆಯೇ?
– ಓದುಗರೊಬ್ಬರು, ಧಾರವಾಡ

ಉತ್ತರ: ಈ ಗೊಂದಲಕ್ಕೆ ನಮ್ಮ ಅನುವಾದವೇ ಕಾರಣ. ಕ್ಷಮೆಯಿರಲಿ. ದೆಹಲಿ, ಪುದುಚೇರಿಗಳ ಉಪರಾಜ್ಯಪಾಲರನ್ನು ರಾಷ್ಟ್ರಪತಿಗಳು ನೇಮಿಸುತ್ತಾರೆ. ಅವರ ಮೇಲೆ ಅಲ್ಲಿ ಬೇರೆ ರಾಜ್ಯಪಾಲರಿಲ್ಲ. ಅಮೆರಿಕದ ಗವರ್ನರ್ ಜನರೇ ಆರಿಸಿದ ಆಡಳಿತ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಗೆ ಹತ್ತಿರ. ಅವರ ನಂತರದ ಸ್ಥಾನ ಲೆಫ್ಟಿನೆಂಟ್ ಗವರ್ನರ್‌ದು. ಇನ್ನು ಮುಂದೆ ಈ ಹೆಸರನ್ನೇ ಬಳಸುತ್ತೇವೆ.

ಹುದ್ದೆ ಬ್ರಿಟಿಷ್ ವಸಾಹತುಗಳ ಕಾಲದ್ದು. 1710ರಿಂದ 1737ರವರೆಗೆ ವರ್ಜೀನಿಯಾದ ಗವರ್ನರ್ ಎನಿಸಿಕೊಂಡಿದ್ದ ಆರ್ಕ್ನಿಯ ಅರ್ಲ್ ಆ ನೆಲಕ್ಕೆ ಒಮ್ಮೆಯೂ ಕಾಲಿಡಲಿಲ್ಲ. ಅಲ್ಲಿದ್ದು ಆಳಿದವರು ಅಲೆಕ್ಸಾಂಡರ್ ಸ್ಪಾಟ್ಸ್‌ವುಡ್ ಅವರಂಥ ಲೆಫ್ಟಿನೆಂಟ್ ಗವರ್ನರ್‌ಗಳು.

ಮೇರಿಲ್ಯಾಂಡ್ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು. 1864ರ ಸಂವಿಧಾನದಲ್ಲಿ ಈ ಹುದ್ದೆಯನ್ನು ತಂದ ರಾಜ್ಯ, 1867ರ ಸಂವಿಧಾನದಲ್ಲಿ ಅದನ್ನು ಕೈಬಿಟ್ಟಿತು. ನೂರು ವರ್ಷ ಹಾಗೇ ನಡೆಯಿತು. 1969ರ ಜನವರಿಯಲ್ಲಿ ಗವರ್ನರ್ ಸ್ಪಿರೊ ಆಗ್ನ್ಯೂ ದೇಶದ ಉಪಾಧ್ಯಕ್ಷರಾಗಿ ಹೊರಟುಹೋದರು. ತೆರವಾದ ಕುರ್ಚಿಗೆ ಶಾಸಕರು ತಮ್ಮ ಸಭಾಧ್ಯಕ್ಷ ಮಾರ್ವಿನ್ ಮ್ಯಾಂಡೆಲ್ ಅವರನ್ನು ಆರಿಸಿದರು. ಮತದಾರರನ್ನು ಕೇಳುವ ದಾರಿಯೇ ಇರಲಿಲ್ಲ! ಮರುವರ್ಷವೇ ಜನ ಮತ ಹಾಕಿ ಹುದ್ದೆಯನ್ನು ಮರಳಿ ತಂದರು. 1977ರಲ್ಲಿ ಅದೇ ಮ್ಯಾಂಡೆಲ್ ಅಧಿಕಾರದಿಂದ ಪಕ್ಕಕ್ಕೆ ಸರಿಯಬೇಕಾಗಿ ಬಂದಾಗ, ಲೆಫ್ಟಿನೆಂಟ್ ಗವರ್ನರ್ ಬ್ಲೇರ್ ಲೀ ಹಂಗಾಮಿಯಾಗಿ ಒಂದೂವರೆ ವರ್ಷ ರಾಜ್ಯ ನಡೆಸಿದರು. ಇದನ್ನು ಅಲಂಕಾರ ಎನ್ನಲು ನನಗೆ ಮನಸ್ಸು ಬರುವುದಿಲ್ಲ.

ಆದರೂ ನಿಮ್ಮ ಅನುಮಾನದಲ್ಲಿ ಹುರುಳಿದೆ. ಗವರ್ನರ್ ಕುರ್ಚಿಯಲ್ಲಿರುವವರೆಗೂ ಮೇರಿಲ್ಯಾಂಡ್‌ನಲ್ಲಿ ಈ ಹುದ್ದೆಗೆ ಸಿಗುವುದು ಅವರು ವಹಿಸಿಕೊಟ್ಟ ಕೆಲಸಗಳಷ್ಟೇ. ಟೆಕ್ಸಾಸ್‌ನಲ್ಲಿ ಹಾಗಲ್ಲ. ಅಲ್ಲಿನ ಲೆಫ್ಟಿನೆಂಟ್ ಗವರ್ನರ್ 31 ಸದಸ್ಯರ ಸೆನೆಟ್‌ನ ಸಭಾಪತಿ. ಸಮಿತಿಗಳಲ್ಲಿ ಯಾರಿರಬೇಕು, ಯಾವ ಮಸೂದೆ ಯಾವ ಸಮಿತಿಗೆ ಹೋಗಬೇಕು ಎನ್ನುವುದು ಅವರ ಕೈಯಲ್ಲಿದೆ. ಮೇನ್, ನ್ಯೂ ಹ್ಯಾಂಪ್‌ಶೈರ್ ರಾಜ್ಯಗಳಲ್ಲಿ ಹುದ್ದೆಯೇ ಇಲ್ಲ.

ಕ್ಯಾಲಿಫೋರ್ನಿಯಾದಲ್ಲಿ ಗವರ್ನರ್, ಲೆಫ್ಟಿನೆಂಟ್ ಗವರ್ನರ್ ಇಬ್ಬರನ್ನೂ ಬೇರೆ ಬೇರೆಯಾಗಿ ಆರಿಸುತ್ತಾರೆ. 1979ರಲ್ಲಿ ಡೆಮಾಕ್ರಟಿಕ್ ಗವರ್ನರ್ ಜೆರ್ರಿ ಬ್ರೌನ್ ರಾಜ್ಯದಿಂದ ಹೊರಗಿದ್ದಾಗ ರಿಪಬ್ಲಿಕನ್ ಪಕ್ಷದ ಲೆಫ್ಟಿನೆಂಟ್ ಗವರ್ನರ್ ಮೈಕ್ ಕರ್ಬ್ ಒಬ್ಬ ನ್ಯಾಯಾಧೀಶರನ್ನು ನೇಮಿಸಿಬಿಟ್ಟರು. ಬ್ರೌನ್ ಮರಳಿ ಬಂದವರೇ ಅದನ್ನು ಹಿಂಪಡೆದರು. ನೇಮಿಸುವ ಅಧಿಕಾರ ಕರ್ಬ್‌ಗಿತ್ತು, ನೇಮಕ ದೃಢಪಡುವ ಮೊದಲು ಹಿಂಪಡೆಯುವ ಅಧಿಕಾರ ಬ್ರೌನ್‌ಗೂ ಇತ್ತು ಎಂದಿತು ರಾಜ್ಯದ ಸುಪ್ರೀಂ ಕೋರ್ಟ್.

ಮೇರಿಲ್ಯಾಂಡ್‌ನಲ್ಲಿ ಇಂಥ ಎಳೆದಾಟಕ್ಕೆ ಆಸ್ಪದ ಕಡಿಮೆ. ಅಲ್ಲಿ ಇಬ್ಬರೂ ಜೋಡಿಯಾಗಿ ನಿಲ್ಲುತ್ತಾರೆ, ಮತದಾರ ಇಬ್ಬರಿಗೂ ಸೇರಿಸಿ ಒಂದೇ ಮತ ಹಾಕುತ್ತಾನೆ. ಹೈದರಾಬಾದ್‌ನಲ್ಲಿ ಹುಟ್ಟಿದ ಅರುಣಾ ಮಿಲ್ಲರ್ 2022ರಲ್ಲಿ ವೆಸ್ ಮೂರ್ ಅವರ ಜೊತೆ ಗೆದ್ದದ್ದು ಹೀಗೆ. ವಾಷಿಂಗ್ಟನ್‌ನ ಕೇಂದ್ರ ಸರ್ಕಾರಕ್ಕೆ ಅದರಲ್ಲಿ ಯಾವ ಪಾತ್ರವೂ ಇರಲಿಲ್ಲ.

– ಸಂಪಾದಕ